ಟೂರ್ನಿಯಲ್ಲಿ ಸೋತ ಮೇಲೆ: ಮೈದಾನ ಬಿಡುವುದರಿಂದ ಮುಂದಿನ ಅಭ್ಯಾಸದವರೆಗೆ

ಸೋತ ತಂಡದವರ ಕಿವಿಗೆ ಮೊದಲು ಬೀಳುವ ಸಮಾಧಾನದ ಮಾತು 'ಆಟವೆಂದ ಮೇಲೆ ಸೋಲು ಗೆಲುವು ಇದ್ದದ್ದೇ' ಎಂಬುದು. ಮಾತು ಸುಳ್ಳಲ್ಲ. ಆದರೆ ಅದನ್ನು ಕೇಳಿ ಯಾರಿಗೂ ನಿದ್ದೆ ಬಂದದ್ದಿಲ್ಲ. ವಾರವಿಡೀ ದುಡಿದು, ಬೆಳಿಗ್ಗೆ ಬೇಗ ಎದ್ದು ಅಭ್ಯಾಸ ಮಾಡಿ, ರಜೆ ಹೊಂದಿಸಿಕೊಂಡು, ಎಲ್ಲರೂ ಕೈಯಿಂದ ಹಣ ಹಾಕಿ ಸೇರಿದ ಕ್ರಿಕೆಟ್ ಟೂರ್ನಿಯಿಂದ ಒಂದೇ ಮಧ್ಯಾಹ್ನದಲ್ಲಿ ಹೊರಬಿದ್ದರೆ ಸಂಕಟವಾಗದೆ ಇರುತ್ತದೆಯೇ? ವೃತ್ತಿಪರ ಆಟಗಾರರಿಗೆ ಸೋತ ಮರುದಿನ ಕೋಚ್ ಇರುತ್ತಾರೆ, ವಿಡಿಯೊ ನೋಡಿ ತಪ್ಪು ತೋರಿಸುವವರು ಇರುತ್ತಾರೆ, ಕೆಲವೇ ದಿನಗಳಲ್ಲಿ ಇನ್ನೊಂದು ಪಂದ್ಯವೂ ಇರುತ್ತದೆ. ಹವ್ಯಾಸಿ ಆಟಗಾರರಿಗೆ ಇರುವುದು ಮರುದಿನದ ಕೆಲಸ, ಮೊಬೈಲ್‌ನಲ್ಲಿ ತಂಡದ ಗುಂಪು, ಆಮೇಲೆ ಮುಂದಿನ ಟೂರ್ನಿಯವರೆಗಿನ ಕಾಯುವಿಕೆ.

ಹವ್ಯಾಸಿ ತಂಡಗಳು ಒಡೆಯುವುದು ಬಹುತೇಕ ಸೋತ ನಂತರದ ಒಂದೆರಡು ದಿನಗಳಲ್ಲಿ. ಪಂದ್ಯವನ್ನು ಎಲ್ಲರೂ ಕೊನೆಯ ಎಸೆತದಿಂದ ಹಿಂದಕ್ಕೆ ಓದತೊಡಗುತ್ತಾರೆ. ಕೊನೆಯ ಓವರಿನಲ್ಲಿ ಯಾರ ಕೈಯಲ್ಲಿ ಚೆಂಡು ಇತ್ತೋ, ಯಾರ ಕೈಯಿಂದ ಕ್ಯಾಚ್ ಜಾರಿತೋ ಅವರ ಹೆಸರು ಸೋಲಿಗೆ ಅಂಟಿಕೊಳ್ಳುತ್ತದೆ. ಇಪ್ಪತ್ತು ಓವರುಗಳ ಪಂದ್ಯದಲ್ಲಿ ಎರಡೂ ಕಡೆ ಸೇರಿ 240 ಎಸೆತಗಳಿರುತ್ತವೆ. ಉಳಿದ 234 ಎಸೆತಗಳನ್ನು ಎಲ್ಲರೂ ಮರೆತುಬಿಟ್ಟಿರುತ್ತಾರೆ. ಆ ಮರೆತ ಎಸೆತಗಳ ಕಡೆಗೆ ತಂಡವನ್ನು ಮೆಲ್ಲನೆ ತಿರುಗಿಸುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೈದಾನ ಬಿಡುವ ಮೊದಲು

ಮೊದಲ ಕೆಲಸ ಕೈಕುಲುಕುವುದು. ಎದುರಾಳಿಗಳಿಗೆ, ಅಂಪೈರ್‌ಗಳಿಗೆ, ಸ್ಕೋರರ್‌ಗೆ. ಮುಖದಲ್ಲಿ ನಗು ಇರಲೇಬೇಕೆಂದಿಲ್ಲ, ಕಣ್ಣು ಮಾತ್ರ ತಪ್ಪಿಸಬಾರದು. ಇದು ಬರೀ ಸಭ್ಯತೆಯ ಮಾತಲ್ಲ. ಪಂದ್ಯ ಮುಗಿಯಿತು ಎಂಬುದನ್ನು ತಲೆ ಒಪ್ಪಿಕೊಳ್ಳುವ ಮೊದಲೇ ದೇಹದಿಂದ ಒಪ್ಪಿಸುವ ದಾರಿಯೂ ಹೌದು. ಕೈಕುಲುಕದೆ ಕಿಟ್ ಎತ್ತಿಕೊಂಡು ಹೋದವರು ಆ ಪಂದ್ಯವನ್ನು ತಲೆಯೊಳಗೆ ಇನ್ನೂ ಆಡುತ್ತಲೇ ಇರುತ್ತಾರೆ.

ಎರಡನೆಯ ಕೆಲಸ ಯಾರಿಗೂ ನೆನಪಾಗುವುದಿಲ್ಲ: ಸ್ಕೋರ್ ಸರಿಯಿದೆಯೇ ಎಂದು ನೋಡುವುದು. ಹವ್ಯಾಸಿ ಪಂದ್ಯಗಳಲ್ಲಿ ಲೆಕ್ಕ ತಪ್ಪುವುದು ಅಪರೂಪವೇನಲ್ಲ. ಒಂದು ಬೈ (ಚೆಂಡು ಬ್ಯಾಟಿಗೂ ಮೈಗೂ ತಾಗದೆ ಹೋದಾಗ ಓಡಿದ ರನ್) ಬರೆಯದೆ ಬಿಟ್ಟಿರಬಹುದು, ಓವರಿನಲ್ಲಿ ಐದೇ ಎಸೆತ ಎಣಿಸಿರಬಹುದು. ಕ್ರಿಕೆಟ್ ನಿಯಮಗಳ ಪ್ರಕಾರ, ಪಂದ್ಯ ಮುಗಿದ ಮೇಲೆ ಸ್ಕೋರ್ ಸರಿಯಾಗಿದೆ ಎಂದು ಅಂಪೈರ್‌ಗಳು ಸ್ಕೋರರ್‌ಗಳೊಂದಿಗೆ ಸೇರಿ ಒಪ್ಪಿದರೆ ಫಲಿತಾಂಶವನ್ನು ಮತ್ತೆ ಬದಲಿಸುವಂತಿಲ್ಲ. ಆದ್ದರಿಂದ ಅಂತರ ಕಡಿಮೆಯಿದ್ದರೆ ನಾಯಕರು ಅಲ್ಲೇ, ಆಗಲೇ, ಶಾಂತವಾಗಿ ಬ್ಯಾಟರ್‌ಗಳ ರನ್ ಮತ್ತು ಇತರೆ ರನ್ (ವೈಡ್, ನೋಬಾಲ್, ಬೈಗಳಂತೆ ಬ್ಯಾಟಿನಿಂದ ಬಾರದವು) ಕೂಡಿಸಿ ಒಟ್ಟು ಮೊತ್ತಕ್ಕೆ ಹೊಂದುತ್ತದೆಯೇ ಎಂದು ನೋಡಬೇಕು. ಬೌಲರ್‌ಗಳು ನೀಡಿದ ರನ್‌ಗಳಿಗೆ ಬೈ, ಲೆಗ್ ಬೈ ಸೇರಿಸಿದರೂ ಅದೇ ಮೊತ್ತ ಬರಬೇಕು (ದಂಡದ ರನ್ ಇದ್ದರೆ ಅದನ್ನೂ ಸೇರಿಸಿ). ಎರಡು ದಾರಿಯಲ್ಲಿ ಒಂದೇ ಸಂಖ್ಯೆ ಬಂದರೆ ಮುಗಿಯಿತು. 'ನಾವು ನಿಜವಾಗಿ ಸೋತಿರಲೇ ಇಲ್ಲ' ಎಂಬ ಅನುಮಾನ ವರ್ಷಗಟ್ಟಲೆ ಬದುಕುತ್ತದೆ. ಐದು ನಿಮಿಷದ ಕೂಡುವ ಲೆಕ್ಕ ಅದನ್ನು ಹುಟ್ಟುವಾಗಲೇ ಮುಗಿಸುತ್ತದೆ. ಹೊರಡುವ ಮುನ್ನ ಸ್ಕೋರ್‌ಬುಕ್ಕಿನ ಎಲ್ಲ ಪುಟಗಳ ಚಿತ್ರ ತೆಗೆದುಕೊಳ್ಳಿ. ಮುಂದೆ ಇದು ಬೇಕಾಗುತ್ತದೆ.

ಮೂರನೆಯದು ದೇಹ. ನೀರು ಕುಡಿಯಿರಿ, ನೆರಳಿನಲ್ಲಿ ಕುಳಿತುಬಿಡದೆ ಹತ್ತು ನಿಮಿಷ ನಡೆಯಿರಿ. ವೇಗದ ಬೌಲರ್‌ಗಳಿಗೆ ಇದು ಇನ್ನೂ ಮುಖ್ಯ. ಸ್ನಾಯುಗಳ ನೋವು ಜೋರಾಗುವುದು ಆಟದ ದಿನವಲ್ಲ, ಒಂದರಿಂದ ಮೂರು ದಿನಗಳ ನಡುವೆ. ಮೈ ನೋಯುವಾಗ ಮನಸ್ಸಿನ ನೋವೂ ಎರಡರಷ್ಟು ಕಾಣುತ್ತದೆ.

ನಾಯಕರು ಎಷ್ಟು ಮಾತನಾಡಬೇಕು

ಕಡಿಮೆ. ಸೋತ ಹತ್ತು ನಿಮಿಷಕ್ಕೆ ತಂಡವನ್ನು ವೃತ್ತವಾಗಿ ನಿಲ್ಲಿಸಿ ಅರ್ಧ ಗಂಟೆ ತಪ್ಪು ಹುಡುಕುವ ನಾಯಕರನ್ನು ನೋಡಿದಾಗಲೆಲ್ಲ ಅವರ ಕೈಯಿಂದ ಮೈಕು ಕಸಿಯಬೇಕು ಎನಿಸುತ್ತದೆ, ಮೈಕು ಇಲ್ಲದಿದ್ದರೂ. ಆ ಹೊತ್ತಿನಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ. ತಮ್ಮ ಹೆಸರು ಬಂತೇ ಇಲ್ಲವೇ ಎಂಬುದಷ್ಟೇ ಕೇಳಿಸುತ್ತದೆ.

ಮೂರು ಮಾತು ಸಾಕು. ಬಂದು ಆಡಿದ್ದಕ್ಕೆ ಎಲ್ಲರಿಗೂ, ಬೆಂಚಿನಲ್ಲಿ ಕುಳಿತು ನೀರು ತಂದುಕೊಟ್ಟವರಿಗೂ ಸೇರಿಸಿ, ವಂದನೆ. ಇಂದು ವಿಶ್ಲೇಷಣೆ ಇಲ್ಲ ಎಂಬ ಘೋಷಣೆ. ಮತ್ತು ಯಾವ ದಿನ, ಎಷ್ಟು ಗಂಟೆಗೆ ಕುಳಿತು ಮಾತನಾಡುತ್ತೇವೆ ಎಂಬ ಸಮಯ. ಈ ಮೂರನೆಯದನ್ನು ಬಿಡಬೇಡಿ. ಮಾತಿಗೆ ಒಂದು ದಿನ ಗೊತ್ತಾಗಿದ್ದರೆ ಜನ ಅಲ್ಲಿಯವರೆಗೆ ತಡೆದುಕೊಳ್ಳುತ್ತಾರೆ. ಗೊತ್ತಾಗದಿದ್ದರೆ ಅವತ್ತೇ ಇಬ್ಬಿಬ್ಬರು, ಮೂವರು ಮೂವರು ಸೇರಿ ಬೇರೆ ಬೇರೆ ಸಭೆ ಮಾಡುತ್ತಾರೆ. ಪ್ರತಿ ಸಭೆಯಲ್ಲೂ ಅಪರಾಧಿ ಆ ಸಭೆಗೆ ಬಾರದವರೇ.

ಆ ರಾತ್ರಿ

ಮೊಬೈಲ್ ಗುಂಪಿನಲ್ಲಿ ಏನನ್ನೂ ಬರೆಯಬೇಡಿ. ಬರೆಯಲೇಬೇಕು ಎನಿಸಿದರೆ ಕಾಗದದ ಮೇಲೆ ಬರೆದು ಬೆಳಿಗ್ಗೆ ಓದಿ. ಹತ್ತರಲ್ಲಿ ಎಂಟು ಸಲ ಹರಿದು ಹಾಕುತ್ತೀರಿ, ಉಳಿದ ಎರಡು ಸಲ ಒಳ್ಳೆಯ ಟಿಪ್ಪಣಿ ಸಿಗುತ್ತದೆ. ಸೋತ ಕ್ಷಣದ ವಿಡಿಯೊ ತುಣುಕನ್ನು ಹಂಚುವುದು ತಮಾಷೆಗಾದರೂ ಬೇಡ. ಕ್ಯಾಚ್ ಬಿಟ್ಟವರು ಅದನ್ನು ಈಗಾಗಲೇ ಮನಸ್ಸಿನಲ್ಲಿ ಸಾಕಷ್ಟು ಸಲ ನೋಡಿರುತ್ತಾರೆ.

ರಾತ್ರಿ ಮಾಡಬಾರದ ಇನ್ನೂ ಕೆಲವು ತೀರ್ಮಾನಗಳಿವೆ: ನಾಯಕತ್ವ ಬಿಡುವುದು, ತಂಡ ಬಿಡುವುದು, ಬ್ಯಾಟ್ ಮಾರುವುದು, ಕ್ರಿಕೆಟ್‌ನಿಂದಲೇ ನಿವೃತ್ತಿ. ಇವೆಲ್ಲ ಒಂದು ವಾರದ ನಂತರವೂ ಸರಿ ಎನಿಸಿದರೆ ಖಂಡಿತ ಮಾಡಬಹುದು, ಯಾರೂ ತಡೆಯುವುದಿಲ್ಲ. ಮದ್ಯದಿಂದ ಬೇಗ ನಿದ್ದೆ ಬರುತ್ತದೆ ಎನಿಸಿದರೂ ನಿದ್ದೆ ಅರ್ಧಕ್ಕೆ ಮುರಿಯುತ್ತದೆ, ನಡುರಾತ್ರಿ ಎಚ್ಚರವಾದಾಗ ಕೊನೆಯ ಓವರ್ ಮತ್ತೆ ಶುರುವಾಗುತ್ತದೆ. ಮನೆಯವರಿಗೆ 'ಸೋತೆವು, ಬೇಸರವಾಗಿದೆ, ನಾಳೆ ಹೇಳುತ್ತೇನೆ' ಎಂದು ಒಂದು ವಾಕ್ಯ ಹೇಳಿಬಿಡಿ. ಮೌನವಾಗಿ ಬಾಗಿಲು ಹಾಕಿಕೊಂಡರೆ ತಮ್ಮ ಮೇಲೆಯೇ ಕೋಪವೆಂದು ಅವರು ತಿಳಿಯುತ್ತಾರೆ.

ಆಡಿ ಸೋತದ್ದು ನಿಮ್ಮ ಮಗನೋ ಮಗಳೋ ಆಗಿದ್ದರೆ ಮನೆಗೆ ಹಿಂದಿರುಗುವ ದಾರಿಯಲ್ಲಿ ಬ್ಯಾಟಿಂಗ್ ಪಾಠ ಮಾಡಬೇಡಿ. ಮಾತು ಮಗುವಿನಿಂದಲೇ ಶುರುವಾಗಲಿ, ಆಗದಿದ್ದರೆ ಸುಮ್ಮನೆ ಕುಳಿತುಕೊಳ್ಳಿ.

ಎರಡು ದಿನ ಬಿಟ್ಟು ಸ್ಕೋರ್‌ಬುಕ್ ತೆರೆಯಿರಿ

ಇಡೀ ಕ್ರಮದಲ್ಲಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಫಲಿತಾಂಶ ತಿಳಿದ ಮೇಲೆ 'ನನಗೆ ಮೊದಲೇ ಗೊತ್ತಿತ್ತು' ಎನಿಸುವ ಮನಸ್ಸಿನ ಚಾಳಿಯನ್ನು ಮನಃಶಾಸ್ತ್ರಜ್ಞರು 1970ರ ದಶಕದಿಂದಲೂ ಅಧ್ಯಯನ ಮಾಡಿದ್ದಾರೆ. ಆ ಚಾಳಿಗೆ ಮದ್ದು, ಎಸೆತದ ಹೊತ್ತಿನಲ್ಲೇ ಬರೆದಿಟ್ಟ ದಾಖಲೆ. ಕ್ರಿಕೆಟ್‌ನಲ್ಲಿ ಅದು ಪುಕ್ಕಟೆ ಸಿಗುತ್ತದೆ.

ನೆನಪು ಹೇಗೆ ಮೋಸ ಮಾಡುತ್ತದೆ ಎಂಬುದಕ್ಕೆ ಕನ್ನಡಿಗರಿಗೆಲ್ಲ ಗೊತ್ತಿರುವ ಪಂದ್ಯವನ್ನೇ ತೆಗೆದುಕೊಳ್ಳೋಣ. 2010ರ ಜನವರಿಯಲ್ಲಿ ಮೈಸೂರಿನಲ್ಲಿ ನಡೆದ ರಣಜಿ ಫೈನಲ್‌ನಲ್ಲಿ ಕರ್ನಾಟಕ ಮುಂಬೈಗೆ ಸೋತದ್ದು ಬರೀ 6 ರನ್‌ಗಳಿಂದ. ಗುರಿ 338, ಕರ್ನಾಟಕ 331ಕ್ಕೆ ಆಲೌಟ್. ಮನೀಶ್ ಪಾಂಡೆ 144 ಹೊಡೆದು ಗೆಲುವನ್ನು ಹತ್ತಿರ ತಂದಿದ್ದರು. ಅವರನ್ನು ಹೊರಗಟ್ಟಿದ ಆದಿತ್ಯ ತಾರೆಯ ಕ್ಯಾಚ್ ಇಂದಿಗೂ ಜನರ ಕಣ್ಣಿಗೆ ಕಟ್ಟಿದಂತಿದೆ. 'ಆ ಒಂದು ಕ್ಯಾಚ್ ಇಲ್ಲದಿದ್ದರೆ' ಎಂದು ಈಗಲೂ ನಿಟ್ಟುಸಿರು ಬಿಡುವವರಿದ್ದಾರೆ. ಸ್ಕೋರ್‌ಬುಕ್ ಬೇರೆಯದನ್ನೇ ಹೇಳುತ್ತದೆ. ಮೊದಲ ಇನಿಂಗ್ಸ್‌ನಲ್ಲಿ ಮುಂಬೈ 233 ಮಾಡಿದರೆ ಕರ್ನಾಟಕ 130ಕ್ಕೆ ಕುಸಿದಿತ್ತು. ಅಲ್ಲೇ 103 ರನ್‌ಗಳ ಸಾಲ ತಲೆಗೆ ಬಂದಿತ್ತು. ನಾಲ್ಕನೆಯ ಇನಿಂಗ್ಸ್‌ನ 331 ಆ ಪಂದ್ಯದಲ್ಲಿ ಯಾವುದೇ ತಂಡ ಆಡಿದ ಅತಿ ದೊಡ್ಡ ಇನಿಂಗ್ಸ್. ಅಂದರೆ ಸೋಲು ಎಲ್ಲರಿಗೂ ನೆನಪಿರುವ ದಿನ ಆದದ್ದಲ್ಲ, ಯಾರಿಗೂ ನೆನಪಿಲ್ಲದ ದಿನ ಆದದ್ದು. ಮುಂದೆ 2013-14 ಮತ್ತು 2014-15ರಲ್ಲಿ ಕರ್ನಾಟಕ ಸತತ ಎರಡು ಸಲ ರಣಜಿ ಟ್ರೋಫಿ ಗೆದ್ದಿತು.

ಈಗ ನಿಮ್ಮ ಪಂದ್ಯ. ಒಂದು ಕಾಲ್ಪನಿಕ ಲೆಕ್ಕ ಇಟ್ಟುಕೊಳ್ಳೋಣ. ಎದುರಾಳಿ 20 ಓವರಿಗೆ 148. ನೀವು 143, ಐದು ರನ್ ಸೋಲು. ಕೊನೆಯ ಓವರಿಗೆ 11 ಬೇಕಿತ್ತು, 5 ಬಂತು. ಕ್ರೀಸಿನಲ್ಲಿದ್ದ ಎಂಟನೆಯ ಕ್ರಮಾಂಕದ ಬ್ಯಾಟರ್ ಮೇಲೆ ಎಲ್ಲರ ಕಣ್ಣು. ಪುಸ್ತಕ ತೆರೆದು ಈ ಕ್ರಮದಲ್ಲಿ ನೋಡಿ.

ಮೊದಲು ಇತರೆ ರನ್. ನಿಮ್ಮ ಬೌಲರ್‌ಗಳು 14 ವೈಡ್, 3 ನೋಬಾಲ್ ಹಾಕಿದ್ದಾರೆ ಎಂದುಕೊಳ್ಳಿ. ಕನಿಷ್ಠ 17 ರನ್ ಆಯಿತು. ಅಷ್ಟಕ್ಕೇ ನಿಲ್ಲುವುದಿಲ್ಲ. ವೈಡ್ ಮತ್ತು ನೋಬಾಲ್ ಓವರಿನ ಆರು ಎಸೆತಗಳ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ 17 ಎಸೆತ ಹೆಚ್ಚಾಗಿ ಹಾಕಬೇಕಾಯಿತು. ಎದುರಾಳಿಗೆ ನೀವು ಸುಮಾರು ಮೂರು ಓವರ್ ಉಡುಗೊರೆ ಕೊಟ್ಟಿರಿ. ಆ ಹೆಚ್ಚುವರಿ ಎಸೆತಗಳಲ್ಲಿ ಎಷ್ಟು ರನ್ ಹೋಯಿತು, ನೋಬಾಲ್ ನಂತರ ಫ್ರೀ ಹಿಟ್ ಇದ್ದರೆ ಅದರಲ್ಲಿ ಎಷ್ಟು ಹೋಯಿತು, ಅದನ್ನೂ ಗುರುತು ಹಾಕಿ. ಎದುರಾಳಿ ಎಷ್ಟು ವೈಡ್, ನೋಬಾಲ್ ಹಾಕಿದರು ಎಂಬುದನ್ನು ಪಕ್ಕದಲ್ಲಿ ಬರೆಯಿರಿ. ಅವರದು ಒಟ್ಟು 6 ಎಂದಿದ್ದರೆ, ಈ ಒಂದೇ ಬಾಬತ್ತಿನಲ್ಲಿ ವ್ಯತ್ಯಾಸ 11. ನೀವು ಸೋತದ್ದು 5ರಿಂದ.

ಎರಡನೆಯದು ಡಾಟ್ ಬಾಲ್, ಅಂದರೆ ರನ್ ಬಾರದೆ ಪುಸ್ತಕದಲ್ಲಿ ಚುಕ್ಕಿಯಾಗುವ ಎಸೆತ. ನಿಮ್ಮ ಬ್ಯಾಟಿಂಗ್‌ನ ಚುಕ್ಕಿಗಳನ್ನು ಎಣಿಸಿ, ಒಟ್ಟಾಗಿ ಅಲ್ಲ, ಮೊದಲ ಆರು ಓವರ್, ಏಳರಿಂದ ಹದಿನಾಲ್ಕು, ಕೊನೆಯ ಆರು ಎಂದು ಬೇರೆ ಬೇರೆಯಾಗಿ. ಹವ್ಯಾಸಿ ತಂಡಗಳ ಪುಸ್ತಕದಲ್ಲಿ ಚುಕ್ಕಿಗಳು ನಡುವಿನ ಓವರುಗಳಲ್ಲೇ ಮುತ್ತಿಕೊಂಡಿರುವುದನ್ನು ಸಾಮಾನ್ಯವಾಗಿ ಕಾಣುತ್ತೀರಿ. ಚೆಂಡು ಹಳತಾಗಿರುತ್ತದೆ, ಫೀಲ್ಡರ್‌ಗಳು ದೂರ ಹೋಗಿರುತ್ತಾರೆ, ಒಂಟಿ ರನ್ ಕೈಗೆ ಎಟಕುವಂತಿರುತ್ತದೆ. ಆದರೂ ಇಬ್ಬರು ಬ್ಯಾಟರ್‌ಗಳು 'ಆಮೇಲೆ ಹೊಡೆಯೋಣ' ಎಂದು ನಿಂತಿರುತ್ತಾರೆ. ಆ ಆಮೇಲೆಯ ಭಾರವೆಲ್ಲ ಎಂಟನೆಯ ಕ್ರಮಾಂಕದವರ ತಲೆಗೆ ಬೀಳುತ್ತದೆ.

ಮೂರನೆಯದು ಬೌಲಿಂಗ್ ಹಂಚಿಕೆ. ದಿನದ ಉತ್ತಮ ಬೌಲರ್ ತಮ್ಮ ಪೂರ್ತಿ ಓವರುಗಳನ್ನು ಮುಗಿಸಿದರೇ? ಹವ್ಯಾಸಿ ಪಂದ್ಯದಲ್ಲಿ ಇದು ನಾಚಿಕೆಯಾಗುವಷ್ಟು ಸಲ 'ಇಲ್ಲ' ಎಂದಿರುತ್ತದೆ, ಏಕೆಂದರೆ ಎಲ್ಲರಿಗೂ ಓವರ್ ಕೊಡಬೇಕಲ್ಲ. ಎಲ್ಲರಿಗೂ ಕೊಡುವುದು ತಪ್ಪೇನಲ್ಲ. ನಮ್ಮ ತಂಡ ಯಾವುದಕ್ಕಾಗಿ ಆಡುತ್ತಿದೆ ಎಂಬುದನ್ನು ಟೂರ್ನಿಗೆ ಮೊದಲೇ ತೀರ್ಮಾನಿಸಿ, ಆಮೇಲೆ ದೂರಬಾರದು, ಅಷ್ಟೇ.

ನಾಲ್ಕನೆಯದು ಕೈಬಿಟ್ಟ ಕ್ಯಾಚ್ ಮತ್ತು ತಪ್ಪಿದ ರನೌಟ್. ಸ್ಕೋರ್‌ಬುಕ್ಕಿನಲ್ಲಿ ಇವು ಇರುವುದಿಲ್ಲ, ನೆನಪಿನಿಂದ ಬರೆಯಬೇಕು. ಇಲ್ಲೊಂದು ಎಚ್ಚರಿಕೆ: 20 ರನ್ ಇದ್ದಾಗ ಕ್ಯಾಚ್ ತಪ್ಪಿ ಆ ಬ್ಯಾಟರ್ 60 ಮಾಡಿದರೆ ಕ್ಯಾಚಿನ ಬೆಲೆ 40 ರನ್ ಎಂದು ಬರೆಯಬೇಡಿ. ಅವರು ಔಟಾಗಿದ್ದರೆ ಮುಂದೆ ಬಂದವರು ಸೊನ್ನೆಗೆ ಔಟಾಗುತ್ತಿದ್ದರೆಂದು ಯಾರು ಹೇಳಿದರು?

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಸಭೆಗೆ ತನ್ನಿ. ಸಭೆಯಲ್ಲಿ ಹೆಸರು ಹೇಳದೆ, ಓವರಿನ ಸಂಖ್ಯೆ ಹೇಳಿ ಮಾತನಾಡುವುದು ಒಳ್ಳೆಯ ಅಭ್ಯಾಸ. 'ಒಂಬತ್ತನೆಯ ಓವರಿನಲ್ಲಿ ನಾಲ್ಕು ವೈಡ್' ಎಂದರೆ ಆ ಓವರ್ ಹಾಕಿದವರಿಗೆ ತಾನೇ ಅರ್ಥವಾಗುತ್ತದೆ, ತಾವಾಗಿಯೇ ಮಾತನಾಡುತ್ತಾರೆ. ಸರಿಯಾಗಿ ನಡೆದದ್ದನ್ನೂ ಓದಿ. ಸೋತ ಪಂದ್ಯದಲ್ಲೂ ಎದುರಾಳಿಯನ್ನು ಕಟ್ಟಿಹಾಕಿದ ಐದಾರು ಓವರುಗಳು ಇದ್ದೇ ಇರುತ್ತವೆ.

ಕ್ಯಾಚ್ ಬಿಟ್ಟವರ ಜೊತೆ ಹೇಗೆ ನಡೆದುಕೊಳ್ಳುವುದು

ಅವರಿಗೆ ಅವತ್ತೇ ಒಬ್ಬರು, ಒಬ್ಬರೇ, ಕರೆ ಮಾಡಲಿ. ಹನ್ನೊಂದು ಜನ ಹನ್ನೊಂದು ಸಮಾಧಾನದ ಸಂದೇಶ ಕಳಿಸಿದರೆ ಅದೂ ಒಂದು ಬಗೆಯ ಮೆರವಣಿಗೆಯಾಗುತ್ತದೆ. ಕರೆಯಲ್ಲಿ ಕ್ಯಾಚಿನ ಮಾತು ಅವರೇ ಎತ್ತಿದರೆ ಕೇಳಿ. 'ಅದೇನೂ ಅಲ್ಲ ಬಿಡು' ಎಂದು ಬಾಯಿ ಮುಚ್ಚಿಸಬೇಡಿ. ಅವರಿಗೆ ಅದು ಏನೋ ಆಗಿದೆ.

1999ರ ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕಾದ ಹರ್ಷೆಲ್ ಗಿಬ್ಸ್ ಕೈಬಿಟ್ಟ, ಆಸ್ಟ್ರೇಲಿಯಾದ ಸ್ಟೀವ್ ವಾ ಅವರ ಕ್ಯಾಚ್ ಕ್ರಿಕೆಟ್ ನೋಡುವವರಿಗೆಲ್ಲ ಗೊತ್ತು. ಹಿಡಿದ ಚೆಂಡನ್ನು ಸಂಭ್ರಮದಿಂದ ಮೇಲೆಸೆಯಲು ಹೋಗಿ ಜಾರಿಸಿದರು. ಆಗ 56ರಲ್ಲಿದ್ದ ವಾ 120 ಹೊಡೆದು ಅಜೇಯರಾಗಿ ಉಳಿದು ಆಸ್ಟ್ರೇಲಿಯಾವನ್ನು ಗೆಲ್ಲಿಸಿದರು. 'ನೀನು ವಿಶ್ವಕಪ್ಪನ್ನೇ ಕೆಳಗೆ ಹಾಕಿದೆ' ಎಂದು ವಾ ಹೇಳಿದರೆಂಬ ಕಥೆಯೂ ಹಬ್ಬಿತು, ಹಾಗೆ ಹೇಳಲಿಲ್ಲವೆಂದು ವಾ ಅವರೇ ತಿಳಿಸಿದ್ದಾರೆ. ಅದೇ ಪಂದ್ಯದಲ್ಲಿ ಗಿಬ್ಸ್ 101 ರನ್ ಹೊಡೆದಿದ್ದರು ಎಂಬುದು ಎಷ್ಟು ಜನರಿಗೆ ನೆನಪಿದೆ? ದಕ್ಷಿಣ ಆಫ್ರಿಕಾ ಅಂದು ಗೆಲ್ಲುವ ಹಂತಕ್ಕೆ ಬಂದದ್ದರಲ್ಲಿ ದೊಡ್ಡ ಪಾಲು ಆ ಕ್ಯಾಚ್ ಬಿಟ್ಟವರದೇ. 2006ರಲ್ಲಿ ಅದೇ ಆಸ್ಟ್ರೇಲಿಯಾ 434 ಮಾಡಿದಾಗ 175 ಹೊಡೆದು ಬೆನ್ನಟ್ಟಿ ಗೆಲ್ಲಲು ದಾರಿ ಮಾಡಿದವರೂ ಅವರೇ.

ಆದ್ದರಿಂದ ಮುಂದಿನ ಪಂದ್ಯದಲ್ಲಿ ಕ್ಯಾಚ್ ಬಿಟ್ಟವರನ್ನು ಅದೇ ಜಾಗದಲ್ಲಿ ನಿಲ್ಲಿಸಿ. ಬೇರೆ ಕಡೆ ಅಡಗಿಸಿಟ್ಟರೆ ತಂಡದ ತೀರ್ಪನ್ನು ಬಾಯಿ ಬಿಟ್ಟು ಹೇಳಿದಂತೆಯೇ. ನಡುವೆ ಅಭ್ಯಾಸದಲ್ಲಿ ಅದೇ ಬಗೆಯ ಕ್ಯಾಚ್, ಅದೇ ಹೊತ್ತಿನ ಬೆಳಕಿನಲ್ಲಿ, ಅದೇ ಬಗೆಯ ಚೆಂಡಿನಲ್ಲಿ, ಓಡಿ ಸುಸ್ತಾದ ಮೇಲೆ ಕೊಡಿ. ಬೆಳಿಗ್ಗೆ ತಾಜಾ ಇದ್ದಾಗ ಹಿಡಿದ ಐವತ್ತು ಕ್ಯಾಚು, ಸಂಜೆ ಎದುರು ಬಿಸಿಲಿನಲ್ಲಿ ಬರುವ ಒಂದಕ್ಕೆ ಸಾಲುವುದಿಲ್ಲ.

ಅಂಪೈರ್ ಮೇಲಿನ ಕೋಪ

ಹವ್ಯಾಸಿ ಪಂದ್ಯಗಳಲ್ಲಿ ಎಷ್ಟೋ ಸಲ ಬ್ಯಾಟಿಂಗ್ ತಂಡದವರೇ ಅಂಪೈರ್ ಆಗಿ ನಿಲ್ಲುತ್ತಾರೆ. ತಪ್ಪು ತೀರ್ಪು ಬರುತ್ತದೆ, ಕೆಲವೊಮ್ಮೆ ಬೇಕೆಂದೇ ಕೊಟ್ಟಂತೆಯೂ ಕಾಣುತ್ತದೆ. ಹಾಳೆಯ ಒಂದು ಬದಿಯಲ್ಲಿ ನಿಮಗೆ ವಿರುದ್ಧ ಬಂದ ತೀರ್ಪುಗಳನ್ನು, ಇನ್ನೊಂದು ಬದಿಯಲ್ಲಿ ನಿಮಗೆ ಅನುಕೂಲವಾಗಿ ಬಂದವನ್ನು ಬರೆಯಿರಿ. ಎರಡನೆಯ ಬದಿ ತುಂಬಲು ಯಾರೂ ಉತ್ಸಾಹ ತೋರುವುದಿಲ್ಲ, ಅದು ಬೇರೆ ಮಾತು.

ವಾದಕ್ಕೆ ಇಳಿಯುವವರಿಗೆ ಒಂದು ಮಾಹಿತಿ: 2017ರ ನಿಯಮಾವಳಿಯಿಂದ ಆಟಗಾರರ ನಡತೆಗೆಂದೇ 42ನೆಯ ನಿಯಮವಿದೆ. ತೀರ್ಪಿಗೆ ಅಸಮಾಧಾನ ತೋರುವುದು ಮೊದಲ ಹಂತದ ತಪ್ಪು. ಮೊದಲ ಸಲ ಎಚ್ಚರಿಕೆ, ಮತ್ತೆ ಆದರೆ ಎದುರಾಳಿಗೆ 5 ರನ್. ಅತ್ಯಂತ ಗಂಭೀರ ಹಂತದಲ್ಲಿ ಆಟಗಾರರನ್ನು ಪಂದ್ಯದಿಂದಲೇ ಹೊರಗೆ ಕಳಿಸಬಹುದು. ನಿಜವಾದ ದೂರಿದ್ದರೆ ನಾಯಕರೊಬ್ಬರೇ, ಲಿಖಿತವಾಗಿ, ಟೂರ್ನಿಯ ನಿಯಮದಲ್ಲಿ ಹೇಳಿದ ಗಡುವಿನೊಳಗೆ ಕೊಡಲಿ. ಯಾರ ತಪ್ಪು ಎಂಬುದಕ್ಕಿಂತ ಯಾವ ನಿಯಮ ಹೇಗೆ ಮುರಿಯಿತು ಎಂದು ಬರೆದ ದೂರಿಗೆ ಬೆಲೆ ಹೆಚ್ಚು.

ನಿಯಮ ನಿಮಗೇ ಗೊತ್ತಿರಲಿಲ್ಲವಾದರೆ ಅದನ್ನೂ ಒಪ್ಪಿಕೊಳ್ಳಿ. 2003ರ ವಿಶ್ವಕಪ್‌ನಲ್ಲಿ ಡರ್ಬನ್‌ನಲ್ಲಿ ಶ್ರೀಲಂಕಾ ವಿರುದ್ಧ ಮಳೆ ಬರುವಾಗ ದಕ್ಷಿಣ ಆಫ್ರಿಕಾ ಡಕ್ವರ್ತ್-ಲೂಯಿಸ್ ಹಾಳೆಯ (ಮಳೆಯಿಂದ ಆಟ ನಿಂತರೆ ಗುರಿ ಲೆಕ್ಕ ಹಾಕುವ ಪಟ್ಟಿ) 229ನ್ನು ಗೆಲುವಿನ ಮೊತ್ತವೆಂದು ತಿಳಿಯಿತು. ಅದು ಟೈ ಆಗುವ ಮೊತ್ತವಾಗಿತ್ತು. ಸಿಕ್ಸರ್ ಹೊಡೆದು 229 ಮುಟ್ಟಿಸಿದ ಮಾರ್ಕ್ ಬೌಚರ್ ಮುಂದಿನ ಎಸೆತವನ್ನು ಸುಮ್ಮನೆ ತಡೆದರು, ಆಟ ನಿಂತಿತು, ಆತಿಥೇಯ ತಂಡ ಟೂರ್ನಿಯಿಂದ ಹೊರಬಿತ್ತು. ವಿಶ್ವಕಪ್‌ನಲ್ಲೇ ಹೀಗಾಗಬಹುದಾದರೆ, ಟೂರ್ನಿಯ ನಿಯಮದ ಹಾಳೆಯನ್ನು ಮಡಿಸಿ ಕಿಟ್‌ನೊಳಗೆ ತುರುಕುವ ನಮ್ಮ ಪಾಡೇನು? ಟೈ ಆದರೆ ಏನು, ಮಳೆ ಬಂದರೆ ಕನಿಷ್ಠ ಎಷ್ಟು ಓವರ್, ಸಮಾನ ಅಂಕವಿದ್ದರೆ ಯಾರು ಮುಂದೆ: ಈ ಮೂರಕ್ಕೆ ಉತ್ತರ ತಂಡದಲ್ಲಿ ಇಬ್ಬರಿಗಾದರೂ ಬಾಯಿಪಾಠವಾಗಿರಲಿ.

ಲೀಗ್ ಹಂತದ ಸೋಲಾದರೆ

ಇನ್ನೂ ಉಳಿದಿದ್ದೀರಾ ಎಂದು ಮೊದಲು ಲೆಕ್ಕ ಹಾಕಿ. ನೆಟ್ ರನ್ ರೇಟ್ ಎಂದರೆ ಟೂರ್ನಿಯಲ್ಲಿ ನೀವು ಪ್ರತಿ ಓವರಿಗೆ ಗಳಿಸಿದ ರನ್‌ಗಳಿಂದ ಬಿಟ್ಟುಕೊಟ್ಟ ರನ್‌ಗಳನ್ನು ಕಳೆಯುವುದು. ಆಲೌಟ್ ಆದ ತಂಡಕ್ಕೆ ಆಡಿದ ಓವರುಗಳ ಬದಲು ಪೂರ್ತಿ ಓವರುಗಳನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಎದುರಾಳಿಯ 160ಕ್ಕೆ ಉತ್ತರವಾಗಿ ನೀವು 17 ಓವರಿನಲ್ಲಿ 120ಕ್ಕೆ ಆಲೌಟ್ ಆದರೆ ನಿಮ್ಮ ದರ 120ನ್ನು 20ರಿಂದ ಭಾಗಿಸಿ 6. ಆ ಪಂದ್ಯದ ನಿವ್ವಳ ಮೈನಸ್ 2. ಗೆಲ್ಲಲಾಗದು ಎಂದು ತಿಳಿದ ಮೇಲೂ ವಿಕೆಟ್ ಉಳಿಸಿಕೊಂಡು 20 ಓವರಿಗೆ 140 ಮಾಡಿದ್ದರೆ ಮೈನಸ್ 1. ಸೋತ ಪಂದ್ಯದ ಕೊನೆಯ ಮೂರು ಓವರುಗಳನ್ನು ಬೇಸರದಿಂದ ಎಸೆದುಬಿಡುವ ತಂಡಗಳು ಗುಂಪಿನ ಕೊನೆಯ ದಿನ ಕ್ಯಾಲ್ಕುಲೇಟರ್ ಹಿಡಿದು ಪರದಾಡುತ್ತವೆ.

ಮುಂದಿನ ಅಭ್ಯಾಸ ಮತ್ತು ತಂಡದ ಬದಲಾವಣೆ

ಸ್ಕೋರ್‌ಬುಕ್ ಹತ್ತು ದೋಷ ತೋರಿಸಿರಬಹುದು. ಎರಡನ್ನು ಮಾತ್ರ ಆರಿಸಿಕೊಳ್ಳಿ. ವಾರಕ್ಕೆ ಒಂದೆರಡು ಸಲ ಸೇರುವ ತಂಡ ಅದಕ್ಕಿಂತ ಹೆಚ್ಚು ಸರಿಪಡಿಸಲಾರದು.

ವೈಡ್ ಆರಿಸಿಕೊಂಡರೆ, ಯಾವಾಗ ಬಂದವು ಎಂದು ಮೊದಲು ನೋಡಿ. ಎಡಗೈ-ಬಲಗೈ ಬ್ಯಾಟರ್ ಬದಲಾದಾಗಲೇ? ಹೊಸ ಚೆಂಡಿನಲ್ಲೇ? ಬೌಂಡರಿ ತಿಂದ ಮರು ಎಸೆತದಲ್ಲೇ? ಮೂರಕ್ಕೂ ಮದ್ದು ಬೇರೆ. ಕೊನೆಯದಕ್ಕೆ ನೆಟ್ಸ್‌ನಲ್ಲಿ ಒಂದು ಸರಳ ಆಟ: ಬ್ಯಾಟರ್ ಹೊಡೆದ ಪ್ರತಿ ಸಲ ಬೌಲರ್ ತಮ್ಮ ಗುರುತಿನವರೆಗೆ ನಡೆದೇ ಹೋಗಬೇಕು, ಮುಂದಿನ ಎಸೆತ ಯಾವುದೆಂದು ಬಾಯಿಬಿಟ್ಟು ಹೇಳಿ ಹಾಕಬೇಕು. ಡಾಟ್ ಬಾಲ್ ಆರಿಸಿಕೊಂಡರೆ ನೆಟ್ಸ್ ಬಿಟ್ಟು ಬಯಲಿಗೆ ಬನ್ನಿ. ಒಂಟಿ ರನ್ ಓಡುವುದನ್ನು ಬಲೆಯೊಳಗೆ ಯಾರೂ ಕಲಿತಿಲ್ಲ. ಇಬ್ಬರು ಬ್ಯಾಟರ್, ಆರು ಫೀಲ್ಡರ್, ಬೌಂಡರಿಗೆ ರನ್ ಇಲ್ಲ, ಎರಡು ಡಾಟ್ ಸತತವಾಗಿ ಬಂದರೆ ಔಟ್.

ತಂಡ ಬದಲಿಸುವಾಗ ಗಾಬರಿಯನ್ನು ಆಯ್ಕೆ ಸಮಿತಿಗೆ ಸೇರಿಸಿಕೊಳ್ಳಬೇಡಿ. 2020ರ ಡಿಸೆಂಬರ್ 19ರಂದು ಆಸ್ಟ್ರೇಲಿಯಾ ವಿರುದ್ಧದ ಅಡಿಲೇಡ್ ಟೆಸ್ಟ್‌ನಲ್ಲಿ ಭಾರತ 36ಕ್ಕೆ ಕುಸಿದು ಸೋತಿತು. ವಿರಾಟ್ ಕೊಹ್ಲಿ ತವರಿಗೆ ಮರಳಿದರು, ಮೊಹಮ್ಮದ್ ಶಮಿ ಗಾಯಗೊಂಡರು. ಬ್ಯಾಟಿಂಗ್ ಮುಗ್ಗರಿಸಿದ ತಂಡ ಇನ್ನೊಬ್ಬ ಬ್ಯಾಟರ್‌ನನ್ನು ತುಂಬಿಕೊಳ್ಳುವುದು ಸಹಜ. ಆದರೆ ಮೆಲ್ಬರ್ನ್‌ಗೆ ಬಂದ ನಾಲ್ವರಲ್ಲಿ ಆಲ್‌ರೌಂಡರ್ ರವೀಂದ್ರ ಜಡೇಜ ಇದ್ದರು. ಭಾರತ ಐದು ಬೌಲರ್‌ಗಳೊಂದಿಗೆ ಆಡಿ ಎಂಟು ವಿಕೆಟ್‌ಗಳಿಂದ ಗೆದ್ದಿತು. ಅಡಿಲೇಡ್‌ನ ಸ್ಕೋರ್ ಕಾರ್ಡನ್ನು ಪೂರ್ತಿ ಓದಿದರೆ ಆ ಧೈರ್ಯ ಎಲ್ಲಿಂದ ಬರಬಹುದಿತ್ತೆಂದು ಕಾಣುತ್ತದೆ: ಮೊದಲ ಇನಿಂಗ್ಸ್‌ನಲ್ಲಿ ಭಾರತ 244, ಆಸ್ಟ್ರೇಲಿಯಾ 191. ಒಂದು ಭೀಕರ ಬೆಳಿಗ್ಗೆಯನ್ನು ಬಿಟ್ಟರೆ ತಂಡ ಮುಂದೆಯೇ ಇತ್ತು. 2021ರ ಜನವರಿ 19ರಂದು ಬ್ರಿಸ್ಬೇನ್‌ನಲ್ಲಿ 328ರ ಗುರಿ ಮುಟ್ಟಿ ಸರಣಿಯನ್ನೂ 2-1ರಿಂದ ಗೆದ್ದರು.

ಬೇಸರ ಹೋಗದಿದ್ದರೆ

ಕೆಲವು ದಿನ ಬೇಸರವಿರುವುದು ಸಹಜ. ಎರಡು ವಾರ ಕಳೆದರೂ ನಿದ್ದೆ, ಊಟ, ಕೆಲಸ ದಾರಿಗೆ ಬರದಿದ್ದರೆ ಅದು ಬಹುಶಃ ಆ ಪಂದ್ಯದ ವಿಷಯವೇ ಅಲ್ಲ. ಬೇರೆಲ್ಲೋ ತುಂಬಿದ್ದು ಸೋಲಿನ ದಿನ ಹೊರಬಂದಿರುತ್ತದೆ. ಆಗ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಇಂಗ್ಲೆಂಡ್‌ನ ಮಾರ್ಕಸ್ ಟ್ರೆಸ್ಕೊಥಿಕ್ ತಮ್ಮ ಖಿನ್ನತೆಯ ಬಗ್ಗೆ ಬಹಿರಂಗವಾಗಿ ಮಾತನಾಡಿದ್ದಾರೆ. ಆಸ್ಟ್ರೇಲಿಯಾದ ಗ್ಲೆನ್ ಮ್ಯಾಕ್ಸ್‌ವೆಲ್ 2019ರಲ್ಲಿ ಮಾನಸಿಕ ಆರೋಗ್ಯದ ಕಾರಣಕ್ಕೆ ಆಟದಿಂದ ಬಿಡುವು ಪಡೆದು ಮತ್ತೆ ಮರಳಿದರು. ಆಡುವುದೇ ಬೇಡವೆನಿಸಿದರೆ ಒಂದು ಟೂರ್ನಿ ಬಿಡಿ. ಆಡದೆ ಅಂಪೈರಿಂಗ್ ಮಾಡಿ, ಸ್ಕೋರ್ ಬರೆಯಿರಿ. ಸ್ಕೋರ್ ಬರೆದವರಿಗೆ ಆಟ ಎಷ್ಟು ಬೇರೆಯಾಗಿ ಕಾಣುತ್ತದೆ ಎಂಬುದು ಬರೆದ ಮೇಲೆಯೇ ತಿಳಿಯುವುದು.

ಮರುದಿನವೇ ಇನ್ನೊಂದು ಪಂದ್ಯವಿದ್ದರೆ

ಎರಡು ದಿನ ಕಾಯಲು ಸಮಯವಿಲ್ಲ. ಆಗ ಎಲ್ಲವನ್ನೂ ಕಿರಿದು ಮಾಡಿ. ಮೈದಾನದಲ್ಲೇ ಸ್ಕೋರ್ ಸರಿ ನೋಡಿಕೊಳ್ಳಿ, ನೀರು, ಊಟ, ನಿದ್ದೆ. ನಾಯಕರು ಮತ್ತು ಇನ್ನೊಬ್ಬರು ಮಾತ್ರ ರಾತ್ರಿ ಹದಿನೈದು ನಿಮಿಷ ಪುಸ್ತಕ ನೋಡಿ ಒಂದೇ ಒಂದು ಬದಲಾವಣೆ ತೀರ್ಮಾನಿಸಲಿ: ಬೌಲಿಂಗ್ ಯಾರು ಆರಂಭಿಸುತ್ತಾರೆ, ಅಥವಾ ಮೂರನೆಯ ಕ್ರಮಾಂಕಕ್ಕೆ ಯಾರು. ಉಳಿದವರಿಗೆ ಅದನ್ನು ಬೆಳಿಗ್ಗೆ ವಾರ್ಮ್ ಅಪ್ ಹೊತ್ತಿನಲ್ಲಿ ಹೇಳಿದರೆ ಸಾಕು. ಪೂರ್ತಿ ಲೆಕ್ಕವನ್ನು ಟೂರ್ನಿ ಮುಗಿದ ಮೇಲೆ ಮಾಡಿ. ಆ ಹಾಳೆಯ ಹಿಂಬದಿಯಲ್ಲಿ ಎದುರಾಳಿ ಬ್ಯಾಟರ್‌ಗಳು ಯಾವ ಕಡೆ ಹೊಡೆದರು, ಯಾವ ಬೌಲರ್ ಕೊನೆಯ ಓವರಿಗೆ ಬಂದರು ಎಂಬುದನ್ನೂ ಬರೆದಿಡಿ. ಮುಂದಿನ ಸಲ ಅದೇ ತಂಡ ಎದುರಾದಾಗ ಟಾಸ್‌ಗೆ ಹೋಗುವ ಮುನ್ನ ನಾಯಕರು ಓದಬೇಕಾದದ್ದು ಅದನ್ನೇ.